ಪಡಸಾಲೆಯ ಗಾಜಿನ ತೊಟ್ಟಿ ಮತ್ತು ಊರ ಕೆರೆ

ಮಮದಾಪುರದ ಕೆರೆಯ ಏರಿಯ ಮೇಲೆ ನಿಂತು ನೋಡಿದವರಿಗೆ ಒಂದು ಮಾತು ಹೊಳೆಯದೆ ಇರದು. ಮಳೆ ಕಡಿಮೆ ಬೀಳುವ ಈ ಎರೆ ನಾಡಿನಲ್ಲಿ ನೀರನ್ನು ಕಟ್ಟಿ ನಿಲ್ಲಿಸುವುದು ಹುಡುಗಾಟದ ಕೆಲಸವಲ್ಲ. 1627ರಿಂದ 1656ರವರೆಗೆ ವಿಜಯಪುರವನ್ನಾಳಿದ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಇಲ್ಲಿ ದೊಡ್ಡದೊಂದು, ಚಿಕ್ಕದೊಂದು ಹೀಗೆ ಎರಡು ಕೆರೆಗಳಾದವು. ಗೋಳಗುಮ್ಮಟವನ್ನು ಕಟ್ಟಿಸಿದವನೂ ಅವನೇ. ಗುಮ್ಮಟವನ್ನು ನೋಡಲು ದೇಶವೇ ಬರುತ್ತದೆ. ಕೆರೆಯನ್ನು ನೋಡಲು ಬರುವವರು ಕಡಿಮೆ. ಆದರೆ ಒಕ್ಕಲುತನ ಮಾಡುವ ನಮಗೆ ಯಾವುದರ ಬೆಲೆ ಹೆಚ್ಚು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕೆರೆಯ ಮಾತು ಇಲ್ಲಿ ಬರಲು ಒಂದು ಕಾರಣವಿದೆ. ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗ ಈ ಭಾಗದಲ್ಲಿ ಹೊಸ ಮನೆ ಕಟ್ಟಿಸಿದ. ದ್ರಾಕ್ಷಿಯಲ್ಲಿ ಎರಡು ಕಾಸು ಕಂಡಿದ್ದ. ಪಡಸಾಲೆಯಲ್ಲಿ ಆರು ಅಡಿ ಉದ್ದದ ಗಾಜಿನ ಮೀನಿನ ತೊಟ್ಟಿಯನ್ನು, ಅಂದರೆ ಅಕ್ವೇರಿಯಂ ಅನ್ನು, ಅಳತೆ ಕೊಟ್ಟು ಮಾಡಿಸಿದ. ಮನೆ ಒಕ್ಕಲಾಗುವ ದಿನವೇ ಬೋರಿನ ನೀರು ತುಂಬಿಸಿ, ಅದೇ ಸಂಜೆ ನಲವತ್ತು ಮೀನು ಬಿಟ್ಟ. ಬಂದ ಬೀಗರೆಲ್ಲ ತೊಟ್ಟಿಯ ಮುಂದೆಯೇ ಕುಳಿತರು. ಎಂಟು ದಿನದೊಳಗೆ ಮೂವತ್ತು ಮೀನು ಸತ್ತವು. ಮುಂದಿನ ಗಾಜು ನಡುವೆ ಸ್ವಲ್ಪ ಉಬ್ಬಿದಂತೆ ಕಂಡಿತು. ಗಾಬರಿಯಾಗಿ ನೀರನ್ನು ಹೊರಗೆ ಚೆಲ್ಲಿದರು. ಉಳಿದ ಹತ್ತು ಮೀನುಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು, "ಮಾಮಾ, ಇವನ್ನ ಕೆರಿಗಿ ಬಿಟ್ಟು ಬರ್ತೀನಿ, ಜೀವಾನರ ಉಳೀತಾವ" ಅಂದ. "ಬ್ಯಾಡಪಾ, ಅದೊಂದು ಮಾತ್ರ ಮಾಡಬ್ಯಾಡ" ಎಂದು ನಾನು ತಡೆದೆ.

ಅವನು ಮಾಡಿದ ತಪ್ಪುಗಳನ್ನೆಲ್ಲ ತಿದ್ದಬಹುದಾಗಿತ್ತು, ತಿದ್ದಿದ್ದೂ ಆಯಿತು. ಮಾಡಲು ಹೊರಟಿದ್ದ ಕಡೆಯ ತಪ್ಪನ್ನು ಮಾತ್ರ ಯಾರಿಂದಲೂ ತಿದ್ದಲಾಗುತ್ತಿರಲಿಲ್ಲ. ಮನೆಯಲ್ಲಿ ದೊಡ್ಡ ಮೀನಿನ ತೊಟ್ಟಿ ಇಡಬೇಕೆಂಬ ಹಂಬಲ ನಮ್ಮ ಹಳ್ಳಿಗಳಲ್ಲಿಯೂ ಬೆಳೆಯುತ್ತಿರುವುದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ರೈತ ಬಾಂಧವರ ಮುಂದೆ ಇಡುತ್ತಿದ್ದೇನೆ. ಇಡುವುದು ತಪ್ಪಲ್ಲ. ಆದರೆ ಅದು ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಕೊಟ್ಟಿಗೆಯ ದನದಂತೆ ಜೀವವುಳ್ಳ ಬಾಳು. ಅದನ್ನು ಕಟ್ಟುವವನು ತನ್ನ ಮನೆಯ ಜೊತೆಗೆ ಊರ ಕೆರೆಯ ಹೊಣೆಯನ್ನೂ ಹೊರುತ್ತಾನೆ.

ಹವ್ಯಾಸ ಹೊಸದಲ್ಲ

ಮೀನನ್ನು ಕಂಡು ಸಂತೋಷಪಡುವುದು ಪೇಟೆಯವರಿಂದ ಬಂದ ಷೋಕಿ ಎಂದು ಹಿರಿಯರು ಗೊಣಗುವುದುಂಟು. ಅದು ಸರಿಯಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಗ್ರಂಥದಲ್ಲಿ ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ಬಗೆ ಇವುಗಳಿಗೆಂದೇ ಒಂದು ಭಾಗ ಮೀಸಲಾಗಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆದ ಮೇಲೆ ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿ ಬಂದ ಮಕ್ಕಳು ಎಷ್ಟೋ ಮಂದಿ. ಆ ಮಕ್ಕಳೇ ಈಗ ಮನೆ ಕಟ್ಟಿಸುವ ವಯಸ್ಸಿನವರಾಗಿದ್ದಾರೆ. ಅವರ ಆಸೆಯನ್ನು ಚಿವುಟಬೇಕಾಗಿಲ್ಲ, ದಾರಿ ತೋರಿಸಿದರೆ ಸಾಕು.

ಇನ್ನೊಂದು ಮಾತು. ಇಡುವುದೇ ಆದರೆ ದೊಡ್ಡದನ್ನು ಇಡುವುದೇ ಮೇಲು. ಚಿಕ್ಕ ಬುಡ್ಡಿಯಲ್ಲಿ ನೀರು ಬೇಗ ಕೆಡುತ್ತದೆ, ಬೇಗ ಕಾಯುತ್ತದೆ. ದೊಡ್ಡ ತೊಟ್ಟಿಯಲ್ಲಿ ಎಲ್ಲ ಬದಲಾವಣೆಯೂ ನಿಧಾನ. ತಪ್ಪಾದರೆ ತಿದ್ದಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಆದರೆ ದೊಡ್ಡದಕ್ಕೆ ಸಿದ್ಧತೆಯೂ ದೊಡ್ಡದೇ ಆಗಬೇಕು.

ತೂಕದ ಲೆಕ್ಕ ಮೊದಲು

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳೋಣ. ಮೇಲೆ ಎರಡು ಅಂಗುಲ ಬಿಟ್ಟು ತುಂಬಿದರೆ ಸುಮಾರು 620 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರೊಂದೇ 620 ಕಿ.ಗ್ರಾಂ. ಗಾಜು ಸುಮಾರು 120 ಕಿ.ಗ್ರಾಂ., ತಳದ ಗರಸು, ಕಲ್ಲು, ಕಬ್ಬಿಣದ ಕಾಲುಮಣೆ ಎಲ್ಲ ಸೇರಿ 9 ಕ್ವಿಂಟಲ್ ದಾಟುತ್ತದೆ. ಒಂಬತ್ತು ಕ್ವಿಂಟಲ್ ಜೋಳವನ್ನು ಒಂದು ಹೊರಸು ಹಾಸುವಷ್ಟೂ ಇಲ್ಲದ ಜಾಗದಲ್ಲಿ ಒಟ್ಟಿದಂತೆ. ವಾಸದ ಮನೆಯ ಮಹಡಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿ.ಗ್ರಾಂ. ಭಾರ ಹಿಡಿದು ಲೆಕ್ಕ ಹಾಕಿರುತ್ತಾರೆ. ಈ ತೊಟ್ಟಿ ಅದರ ನಾಲ್ಕು ಪಟ್ಟು ಭಾರ ಹೇರುತ್ತದೆ. ಆದ್ದರಿಂದ ನೆಲದ ಮನೆಯಲ್ಲಿ, ಗಟ್ಟಿ ಕಾಂಕ್ರೀಟಿನ ಮೇಲೆ, ಗೋಡೆಗೆ ಹತ್ತಿ ಇಡತಕ್ಕದ್ದು. ಮಹಡಿಯ ಮೇಲೆ ಇಡಬೇಕೆಂದರೆ ಎಂಜಿನಿಯರನ್ನು ಕೇಳದೆ ಇಡಬಾರದು. ಮಣ್ಣಿನ ಮಾಳಿಗೆಯ ಮೇಲಂತೂ ಬೇಡವೇ ಬೇಡ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅಡಿಪಾಯ ಸರಿಯಿಲ್ಲದ ನೆಲ ಒಂದು ಕಡೆ ಕುಸಿಯುತ್ತದೆ. ನೆಲ ಓರೆಯಾದರೆ ಗಾಜಿನ ಒಂದು ಮೂಲೆಗೆ ಭಾರ ಬಿದ್ದು ಸೀಳುತ್ತದೆ. ಮಟ್ಟಗೋಲು ಇಟ್ಟು ನೋಡಿ, ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಳೆ ಹಾಸಬೇಕು.

ಗಾಜು ಎಷ್ಟು ದಪ್ಪವಿರಬೇಕೆಂಬುದನ್ನು ಮುಖ್ಯವಾಗಿ ನೀರಿನ ಆಳ ನಿರ್ಧರಿಸುತ್ತದೆ. ಕೆರೆಯ ಏರಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಏರಿ ತಳದಲ್ಲಿ ಅಗಲ, ಮೇಲೆ ಕಿರಿದು. ಆಳ ಹೆಚ್ಚಿದಂತೆ ನೀರಿನ ಒತ್ತು ಹೆಚ್ಚುತ್ತದೆ. ನಾವು ಹೇಳಿದ ತೊಟ್ಟಿಯ ಮುಂದಿನ ಗಾಜಿನ ಮೇಲೆಯೇ ಸುಮಾರು ಮೂರು ಕ್ವಿಂಟಲ್ ಒತ್ತು ಬೀಳುತ್ತದೆ. ನನ್ನ ಅಳಿಯನ ತೊಟ್ಟಿ ಮಾಡಿದವರು 8 ಮಿ.ಮೀ. ಗಾಜು ಹಾಕಿದ್ದರು, ಅದಕ್ಕೇ ಅದು ಉಬ್ಬಿತು. 12 ಮಿ.ಮೀ. ಗಾಜು, ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ ಇದ್ದರೆ ನೆಮ್ಮದಿ. ಅಂಟಿಸುವ ಸಿಲಿಕೋನ್ ಬೂಷ್ಟುನಾಶಕ ಬೆರೆಸದ್ದಾಗಿರಬೇಕು. ಅಂಟಿಸಿ ಒಂದು ವಾರ ಒಣಗಲು ಬಿಟ್ಟು, ಆಮೇಲೆ ಅಂಗಳದಲ್ಲಿಯೇ ನೀರು ತುಂಬಿ ಮತ್ತೊಂದು ವಾರ ಸೋರಿಕೆ ಪರೀಕ್ಷಿಸಿದ ನಂತರವೇ ಪಡಸಾಲೆಗೆ ತರಬೇಕು. ಮಾಡಿಕೊಡುವವರು ಅವಸರ ಮಾಡಿದರೆ ನಾವು ಮಾಡಬಾರದು.

ನಮ್ಮ ನೀರಿಗೆ ಹೊಂದುವ ಮೀನು

ಮಣ್ಣು ನೋಡಿ ಬೆಳೆ ಎನ್ನುತ್ತೇವೆ. ಹಾಗೆಯೇ ನೀರು ನೋಡಿ ಮೀನು. ನಮ್ಮ ಕಡೆ ಬಹಳಷ್ಟು ಬೋರುಗಳ ನೀರು ಗಡಸು. ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಹನಿ ನೀರಾವರಿಯ ಪೈಪಿನ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ದ್ರಾಕ್ಷಿ ಬೆಳೆಗಾರರು ಪೈಪಿಗೆ ಆಮ್ಲ ಹಾಯಿಸಿ ತೊಳೆಯುವುದು ಈ ಕಾರಣಕ್ಕೇ. ಆದರೆ ಅದೇ ಆಮ್ಲವನ್ನು ಮೀನಿನ ತೊಟ್ಟಿಗೆ ಸುರಿದು ನೀರನ್ನು ಮೆದು ಮಾಡುತ್ತೇನೆ ಎಂದು ಹೊರಟರೆ ಮೀನು ಉಳಿಯದು. ನೀರನ್ನು ಬದಲಿಸುವುದಕ್ಕಿಂತ ಅದಕ್ಕೆ ಹೊಂದುವ ಮೀನನ್ನು ಆರಿಸುವುದೇ ಜಾಣತನ.

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇವು ಗಡಸು ನೀರಿನಲ್ಲಿ ಚೆನ್ನಾಗಿ ಬದುಕುತ್ತವೆ. ಮರಿ ಹಾಕುವ ಜಾತಿಗಳಾದ್ದರಿಂದ ಗಂಡು ಹೆಣ್ಣು ಸೇರಿಸಿಟ್ಟರೆ ಆರು ತಿಂಗಳಲ್ಲಿ ತೊಟ್ಟಿ ತುಂಬಿ ಹೋಗುತ್ತದೆ. ಗಂಡುಗಳನ್ನೇ ಇಟ್ಟರೆ ಈ ತೊಂದರೆಯಿಲ್ಲ, ಬಣ್ಣವೂ ಹೆಚ್ಚು. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೂ ಗಡಸು ನೀರು ಒಗ್ಗುತ್ತದೆ, ಆದರೆ ಅವು ಜಗಳಗಂಟ ಜಾತಿ. ಬೇರೆಯವುಗಳ ಜೊತೆ ಬಿಡಬಾರದು. ನಮ್ಮ ದೇಶದ್ದೇ ಆದ ಜೀಬ್ರಾ ಡೇನಿಯೋ ಗಟ್ಟಿ ಮೀನು. ಅಂಗಡಿಯಲ್ಲಿ ಕಣ್ಣು ಸೆಳೆಯುವ ನಿಯಾನ್ ಟೆಟ್ರಾ, ಡಿಸ್ಕಸ್ ಇವು ಅಮೆಜಾನ್ ಕಾಡಿನ ಮೆದು ನೀರಿನವು; ನಮ್ಮ ಬೋರಿನ ನೀರಿಗೆ ಅವನ್ನು ತರುವುದು ಎರೆ ಹೊಲದಲ್ಲಿ ಕಾಫಿ ಹಚ್ಚಿದಂತೆ. ಮಾಳಿಗೆಯ ಮಳೆನೀರನ್ನು ಶೇಖರಿಸುವವರು ಅದನ್ನು ಬೆರೆಸಿ ಗಡಸನ್ನು ತಕ್ಕಮಟ್ಟಿಗೆ ಇಳಿಸಬಹುದು. ನಳದ ನೀರಾದರೆ ಕ್ಲೋರಿನ್ ಆರಿಹೋಗಲು ಒಂದು ದಿನ ತೆರೆದ ಪಾತ್ರೆಯಲ್ಲಿ ಬಿಡಬೇಕು. ಮೊದಲು ನೀರಿನ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ತೋಟಕ್ಕೂ ಅದು ಉಪಯೋಗವೇ.

ಆರು ವಾರದ ತಾಳ್ಮೆ

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ಹೆಚ್ಚಾಗಿ ರೋಗದಿಂದಲ್ಲ, ಅವಸರದಿಂದ. ಯೂರಿಯಾ ಹಾಕುವ ರೈತನಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯ ಆಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡಿ, ಬೇರೆ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ತೊಟ್ಟಿಯಲ್ಲಿಯೂ ನಡೆಯುವುದು ಇದೇ. ಮೀನು ಹೊರಹಾಕುವ ಅಮೋನಿಯ ಅದಕ್ಕೇ ವಿಷ, ನೈಟ್ರೈಟ್ ಕೂಡ ವಿಷ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ಈ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಸೋಸುಯಂತ್ರದ ಸ್ಪಂಜು, ಗರಸುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕ್ಷಾರದ ನೀರಿನಲ್ಲಿ, ಬಿಸಿ ಹೆಚ್ಚಿದಾಗ ಅಮೋನಿಯದ ವಿಷ ಇನ್ನೂ ತೀವ್ರ. ಕ್ಷಾರವುಳ್ಳ ಎರೆ ಹೊಲದ ಮೇಲೆ ಚೆಲ್ಲಿದ ಯೂರಿಯಾ ಆವಿಯಾಗಿ ಹೋಗುವುದೂ ಇದೇ ಗುಣದಿಂದ. ನಮ್ಮ ಭಾಗದಲ್ಲಿ ಎರಡೂ ಕೂಡಿರುತ್ತವೆ.

ಆದ್ದರಿಂದ ಮೊದಲು ಐದಾರು ಗಟ್ಟಿ ಮೀನು ಮಾತ್ರ ಬಿಟ್ಟು, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಅಮೋನಿಯ ನೋಡುವ ಹನಿ ಔಷಧ ಅಂಗಡಿಯಲ್ಲಿ ಸಿಗುತ್ತದೆ, ಅದನ್ನಿಟ್ಟುಕೊಂಡು ಪರೀಕ್ಷಿಸುತ್ತಿರಬೇಕು. ಆರು ವಾರದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮೀನು ಹೆಚ್ಚಿಸಬೇಕು. 620 ಲೀಟರಿಗೆ ಎರಡು ಅಂಗುಲದ ನಲವತ್ತು ಮೀನು ಸಾಕೆಂಬುದು ನನ್ನ ಅಭಿಪ್ರಾಯ. ಸ್ಪಂಜನ್ನು ಬೋರಿನ ಅಥವಾ ನಳದ ನೀರಿನಲ್ಲಿ ಬೆಳ್ಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಇಲ್ಲವಾದರೆ ಕೊಳೆಯ ಜೊತೆ ದುಡಿಯುವ ಜೀವಿಗಳೂ ಹೋಗುತ್ತವೆ.

ಬೇಸಿಗೆ ಮತ್ತು ಕರೆಂಟು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ನೀರು ಕಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ. ಇರುವುದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಇಂಥ ರಾತ್ರಿ ಕರೆಂಟು ಹೋಗಿ ಗಾಳಿಯಂತ್ರ ನಿಂತರೆ ಬೆಳಗಾಗುವುದರೊಳಗೆ ಮೀನು ಮೇಲೆ ತೇಲುತ್ತವೆ. ತೊಟ್ಟಿಯನ್ನು ಪಡುವಣ ಕಿಟಕಿಯ ಬಿಸಿಲಿಗೆ ಇಡಬಾರದು. ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದು ಮನೆಯಲ್ಲಿರಲೇಬೇಕು. ಸೋಸುಯಂತ್ರ, ಗಾಳಿಯಂತ್ರ, ಎಂಟು ತಾಸು ದೀಪ ಎಲ್ಲ ಸೇರಿ ದಿನಕ್ಕೆ ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಜಾತ್ರೆಗೋ ಬೀಗರ ಊರಿಗೋ ಎಲ್ಲರೂ ಹೋಗುವಾಗ ದನಕ್ಕೆ ಮೇವು ಹಾಕಲು ಒಬ್ಬರನ್ನು ಒಪ್ಪಿಸುತ್ತೇವಲ್ಲ, ಅವರಿಗೆ ಈ ಕೆಲಸವನ್ನೂ ಹೇಳಿಕೊಡಬೇಕು.

ಬರದ ನಾಡಿನಲ್ಲಿ ಇಷ್ಟು ನೀರೇ?

ಇದು ನ್ಯಾಯವಾದ ಪ್ರಶ್ನೆ. ತೊಟ್ಟಿಯಲ್ಲಿರುವ ನೀರು ಖರ್ಚಾಗುವುದಿಲ್ಲ, ವಾರಕ್ಕೊಮ್ಮೆ ಬದಲಿಸುವ ಕಾಲು ಭಾಗ ಮಾತ್ರ ಖರ್ಚು. ಅದು ಸುಮಾರು 155 ಲೀಟರ್, ಅಂದರೆ ಹತ್ತು ಕೊಡ. ಅದನ್ನು ಚರಂಡಿಗೆ ಬಿಡುವ ಬದಲು ಹಿತ್ತಲಿನ ಬದನೆ, ಕರಿಬೇವು, ನಿಂಬೆಗಿಡಗಳಿಗೆ ಹಾಕಬೇಕು. ನೈಟ್ರೇಟ್ ಕರಗಿರುವ ಆ ನೀರು ಗಿಡಕ್ಕೆ ತೆಳು ಗೊಬ್ಬರವೇ. ಹೀಗೆ ಮಾಡುವವನು ನೀರು ಹಾಳು ಮಾಡಿದ ಎನ್ನುವಂತಿಲ್ಲ.

ಆದರೂ ಒಂದು ಮಾತನ್ನು ನಿಷ್ಠುರವಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ಮನೆಯಲ್ಲಿ ಇದು ಬೇಡ. ನೆರೆಮನೆಯ ತಾಯಿ ಕೊಡ ಹಿಡಿದು ನಿಂತಿರುವಾಗ ನಮ್ಮ ಪಡಸಾಲೆಯಲ್ಲಿ ಬಣ್ಣದ ಮೀನು ಆಡುವುದು ಶೋಭೆಯಲ್ಲ. ವರ್ಷವಿಡೀ ನೀರಿರುವವರು ಮಾತ್ರ ಈ ಆಸೆಗೆ ಕೈಹಾಕಲಿ.

ಕೆರೆಗೆ ಬಿಡಬೇಡಿ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಳಿಯನ ಬಕೆಟ್ಟಿನಲ್ಲಿ ಉಳಿದ ಹತ್ತರಲ್ಲಿ ಎರಡು, ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಕಪ್ಪು ಮೀನು. 'ಗಾಜು ತಿಕ್ಕುವ ಮೀನು' ಎಂದು ಅಂಗಡಿಯಲ್ಲಿ ಕೊಡುತ್ತಾರೆ. ಸಕ್ಕರ್ ಎಂದೂ ಕರೆಯುತ್ತಾರೆ. ಬೆರಳುದ್ದ ಇರುವಾಗ ತರುತ್ತೇವೆ, ಅದು ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ದಕ್ಷಿಣ ಅಮೆರಿಕದ ಈ ಮೀನಿನ ಮೈಗೆ ಮೂಳೆಯ ಕವಚ, ರೆಕ್ಕೆಗೆ ಗಟ್ಟಿ ಮುಳ್ಳು. ಹಕ್ಕಿ ಇದನ್ನು ನುಂಗಲಾರದು, ಬಲೆಗೆ ಬಿದ್ದರೆ ಬಲೆಯನ್ನೇ ಹರಿಯುತ್ತದೆ. ತಳದ ಪಾಚಿ ಕಸಿದು ತಿಂದು ನಮ್ಮ ಮೃಗಾಲ್, ರೋಹು ಮೀನುಗಳಿಗೆ ಮೇವಿಲ್ಲದಂತೆ ಮಾಡುತ್ತದೆ. ಆಂಧ್ರದ ಮೀನುಗಾರರು ಇದಕ್ಕೆ ದೆವ್ವದ ಮೀನು ಎಂದು ಹೆಸರಿಟ್ಟಿದ್ದಾರೆ. ದೇಶದ ಅನೇಕ ಕೆರೆಹೊಳೆಗಳಲ್ಲಿ ಇದು ನೆಲೆಯೂರಿದೆ. ಯಾರೋ ಒಬ್ಬರು ಕನಿಕರದಿಂದ ಬಿಟ್ಟು ಬಂದದ್ದೇ ಇಂಥ ಹಬ್ಬುವಿಕೆಗೆ ದೊಡ್ಡ ಕಾರಣ.

ಇದಕ್ಕಿಂತ ಹೆಚ್ಚಿನ ಸಂಗತಿ ಇನ್ನೊಂದಿದೆ. ಮೊಟ್ಟೆ ಇಡಲು ಈ ಮೀನು ದಂಡೆಯ ಮಣ್ಣಿನಲ್ಲಿ ಬಿಲ ತೋಡುತ್ತದೆ. ಮೆಕ್ಸಿಕೊ ಮುಂತಾದ ದೇಶಗಳಲ್ಲಿ ಹೀಗೆ ಬಿಲಗಳಾಗಿ ಮಣ್ಣಿನ ದಂಡೆಗಳು ಕುಸಿದಿವೆ. ಹೆಗ್ಗಣದ ಒಂದು ಬಿಲ ಬದುವನ್ನು ಒಡೆಯುವುದನ್ನು ಕಂಡಿರುವ ರೈತನಿಗೆ ಮಣ್ಣಿನ ಏರಿಯಲ್ಲಿ ಬಿಲಗಳಾದರೆ ಏನೆಂದು ವಿವರಿಸಬೇಕಾಗಿಲ್ಲ.

"ಎರಡು ಮೀನಿನಿಂದ ಇಷ್ಟೆಲ್ಲ ಆಗುತ್ತದೆಯೇ?" ಎನ್ನಬಹುದು. ಜಲಕುಂಭಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೂವಿನ ಚೆಂದಕ್ಕೆಂದು ನಮ್ಮ ದೇಶಕ್ಕೆ ತಂದರು; ಅದು ಎಷ್ಟು ಕೆರೆಗಳ ಉಸಿರು ಕಟ್ಟಿಸಿದೆ ಎಂಬುದು ಎಲ್ಲರಿಗೂ ಗೊತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಕಾಂಗ್ರೆಸ್ ಹುಲ್ಲು ಈಗ ಯಾರ ಹೊಲದ ಬದುವಿನಲ್ಲಿಲ್ಲ? ಸ್ಥಳೀಯ ಮೀನುಗಳಿಗೆ ಹಾನಿಯೆಂದು ಆಫ್ರಿಕದ ಕ್ಯಾಟ್‌ಫಿಷ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲಿಯೇ ನಿಷೇಧಿಸಿತು. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಮೊಸಳೆಯಂಥ ಮೂತಿಯ ಅಮೆರಿಕದ ಆಲಿಗೇಟರ್ ಗಾರ್ ಮೀನು ಸಿಕ್ಕಿತು. ತಾನಾಗಿ ಈಜಿಕೊಂಡು ಅಲ್ಲಿಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ.

"ಸೊಳ್ಳೆ ಕೊಲ್ಲಲು ಆರೋಗ್ಯ ಇಲಾಖೆಯವರೇ ಗಪ್ಪಿ, ಗಂಬೂಸಿಯಾ ಬಿಡುತ್ತಾರಲ್ಲ?" ಎಂದೂ ಕೇಳುವವರಿದ್ದಾರೆ. ಬಾವಿ, ತೊಟ್ಟಿಗಳಂಥ ಕಟ್ಟಿದ ನೀರಿಗೆ ಲೆಕ್ಕವಿಟ್ಟು ಬಿಡುವುದು ಬೇರೆ, ಹರಿಯುವ ನೀರಿಗೆ ಮನಸ್ಸಿಗೆ ಬಂದದ್ದನ್ನು ಬಿಡುವುದು ಬೇರೆ. ಗಂಬೂಸಿಯಾ ಕೂಡ ನಾಡಮೀನಿನ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆಗಳನ್ನು ತಿನ್ನುತ್ತದೆಂದು ಈಗ ತಿಳಿದಿದೆ.

ನಮ್ಮ ಜಿಲ್ಲೆಯ ಹಳೆಯ ಕೆರೆಗಳಿಗೆ ಕೃಷ್ಣೆಯ ನೀರನ್ನು ಎತ್ತಿ ತುಂಬಿಸುವ ಕೆಲಸ ನಡೆದ ಮೇಲೆ ಈ ಮಾತಿಗೆ ಹೆಚ್ಚು ಮಹತ್ವ ಬಂದಿದೆ. ಹಿಂದೆ ಕೆರೆ ಬತ್ತುತ್ತಿತ್ತು. ಬಿಟ್ಟ ಮೀನೂ ಅದರ ಜೊತೆ ಸಾಯುತ್ತಿತ್ತು. ವರ್ಷವಿಡೀ ನೀರು ನಿಂತರೆ ಕೆಟ್ಟ ಜಾತಿಯೂ ನಿಲ್ಲುತ್ತದೆ. ಕೋಡಿ ಬಿದ್ದ ದಿನ ಹಳ್ಳಕ್ಕಿಳಿದು, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಕೆರೆಯಲ್ಲಿ ಮೀನು ಹಿಡಿದು ಹೊಟ್ಟೆ ಹೊರೆಯುವವರ ಬಲೆಗೆ ನಮ್ಮ ಪಡಸಾಲೆಯ ಷೋಕಿ ಮುಳ್ಳಾಗಬಾರದು. ಕೃಷಿಹೊಂಡಕ್ಕೂ ಬಿಡಬೇಡಿ, ದೊಡ್ಡ ಮಳೆ ಬಂದ ದಿನ ಹೊಂಡವೂ ತುಂಬಿ ಹರಿಯುತ್ತದೆ.

ಹಾಗಾದರೆ ಬೇಡವಾದ ಮೀನನ್ನು ಏನು ಮಾಡಬೇಕು? ಕೊಂಡ ಅಂಗಡಿಗೇ ಹಿಂದಿರುಗಿಸಬೇಕು. ಕೊಳ್ಳುವಾಗಲೇ ಈ ಮಾತು ಮಾಡಿಕೊಳ್ಳಬೇಕು. ಇಲ್ಲವೆ ಸಾಕುವ ಇನ್ನೊಬ್ಬರಿಗೆ, ಊರ ಶಾಲೆಯ ತೊಟ್ಟಿಗೆ ಕೊಡಬೇಕು. ಸತ್ತ ಮೀನನ್ನು ಗಿಡದ ಬುಡಕ್ಕೆ ಹೂಳಬೇಕು. ತೊಟ್ಟಿಯ ನೀರು, ಬಸವನಹುಳು, ನೀರುಗಿಡ ಯಾವುದೂ ಹಳ್ಳ ಸೇರದಂತೆ ಒಣ ನೆಲಕ್ಕೇ ಹಾಕಬೇಕು. ಎಲ್ಲಕ್ಕಿಂತ ಮೊದಲು, ಮರಿ ಎಷ್ಟುದ್ದ ಬೆಳೆಯುತ್ತದೆಂದು ಕೇಳದೆ ಯಾವ ಮೀನನ್ನೂ ತರಬಾರದು. ಸಂದೇಹವಿದ್ದರೆ ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರದವರನ್ನು ವಿಚಾರಿಸಬಹುದು.

ಅಳಿಯ ಅಂದು ನನ್ನ ಮಾತು ಕೇಳಿದ. ಆ ಎರಡು ಕಪ್ಪು ಮೀನುಗಳನ್ನು ಅಂಗಡಿಯವರಿಗೆ ಹಿಂದಿರುಗಿಸಿದ. ತೊಟ್ಟಿಗೆ ದಪ್ಪ ಗಾಜು ಹಾಕಿಸಿ, ಅಂಗಳದಲ್ಲಿ ವಾರ ತುಂಬಿಸಿಟ್ಟು, ಆರು ವಾರ ಕಾದು, ಈಗ ಮೂವತ್ತು ಮೋಲಿ ಮೀನು ಸಾಕಿದ್ದಾನೆ. ಹಿತ್ತಲಿನ ನಿಂಬೆಗಿಡ ಆ ನೀರಿಗೆ ಚೆನ್ನಾಗಿ ಬಂದಿದೆ. ಅವನ ಮಗಳು ದಿನವೂ ಶಾಲೆಯಿಂದ ಬಂದವಳೇ ಮೀನು ಎಣಿಸುತ್ತಾಳೆ. ಮೊನ್ನೆ ಅವಳು, "ಅಜ್ಜಾ, ನಮ್ಮ ಮೀನು ಕೆರ್ಯಾಗ ಯಾಕ ಬಿಡಬಾರದು?" ಎಂದು ಕೇಳಿದಳು. ಇಲ್ಲಿ ಬರೆದದ್ದನ್ನೆಲ್ಲ ಅವಳಿಗೆ ತಿಳಿಯುವಂತೆ ಹೇಳಿದೆ. ಓದುವ ರೈತ ಬಾಂಧವರು ತಮ್ಮ ಮನೆಯ ಮಕ್ಕಳಿಗೂ ಹೇಳಿದರೆ ಈ ಬರಹ ಸಾರ್ಥಕ. ಮುನ್ನೂರು ವರ್ಷಕ್ಕೂ ಹಿಂದೆ ಕಟ್ಟಿದವರು ಕೆರೆಯನ್ನು ನಮಗೆ ಬಿಟ್ಟು ಹೋದರು. ನಾವು ಅದಕ್ಕೆ ಏನನ್ನು ಬಿಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.